ರಕ್ತವಾಂತಿ ನಿಂತರೂ ಇನ್ನೆರಡು ವಾರ ಎಚ್ಚರ ಬೇಕು

ಪ್ರಶ್ನೆ: ನಮ್ಮ ತಂದೆಗೆ 56 ವರ್ಷ. ಕುಡಿತದಿಂದ ಲಿವರ್ ಹಾಳಾಗಿದೆ. ಹೋದ ತಿಂಗಳು ರಕ್ತವಾಂತಿ ಆಯಿತು. ಎಂಡೋಸ್ಕೋಪಿ ಮಾಡಿ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿಗೆ ಬ್ಯಾಂಡ್ ಹಾಕಿದರು. ಐದು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಒಂಬತ್ತನೇ ದಿನ ಮತ್ತೆ ರಕ್ತ ಬಂತು. ಎರಡನೇ ಸಲ ಅಡ್ಮಿಟ್ ಆದಾಗ ನ್ಯುಮೋನಿಯಾ ಆಯಿತು, ಎರಡು ದಿನ ಏನೇನೋ ಮಾತಾಡುತ್ತಿದ್ದರು. ಬ್ಯಾಂಡ್ ಸರಿಯಾಗಿ ಹಾಕಿಲ್ಲ ಅಂತ ಚಿಕ್ಕಪ್ಪ ಆಸ್ಪತ್ರೆಯಲ್ಲಿ ಜಗಳ ಮಾಡಿ ಬಂದಿದ್ದಾರೆ. ತಪ್ಪು ಯಾರದು ಡಾಕ್ಟ್ರೇ? – ಶಿವಮೊಗ್ಗದ ಓದುಗರು

ಉತ್ತರ: ನೀವು ಬರೆದಿರುವಷ್ಟರಲ್ಲಿ ನನಗೆ ಯಾರ ತಪ್ಪೂ ಕಾಣುತ್ತಿಲ್ಲ. ಆದರೆ ಡಿಸ್ಚಾರ್ಜ್ ಮಾಡುವಾಗ ಹೀಗೂ ಆಗಬಹುದು ಅಂತ ನಿಮ್ಮನ್ನು ಕೂರಿಸಿಕೊಂಡು ಹೇಳಬೇಕಿತ್ತು. ಅದನ್ನು ಹೇಳದಿದ್ದರೆ ಅದು ಖಂಡಿತ ಕೊರತೆ.

ಬ್ಯಾಂಡ್ ಅಂದರೆ ಪುಟ್ಟ ರಬ್ಬರ್ ಉಂಗುರ. ಉಬ್ಬಿದ ರಕ್ತನಾಳವನ್ನು ಒಳಗೆ ಎಳೆದುಕೊಂಡು ಬುಡಕ್ಕೆ ಬಿಗಿಯುತ್ತಾರೆ. ಬಿಗಿದ ಭಾಗ ಸತ್ತು, ಕೆಲವು ದಿನಗಳಲ್ಲಿ ಉಂಗುರದ ಸಮೇತ ತಾನಾಗಿ ಉದುರುತ್ತದೆ, ಆ ಜಾಗದಲ್ಲಿ ಒಂದು ಹುಣ್ಣು ಉಳಿಯುತ್ತದೆ. ಹುಣ್ಣು ಎಲ್ಲರಿಗೂ ಆಗುತ್ತದೆ, ಹೆಚ್ಚಿನವರಿಗೆ ಸುಮ್ನೆ ಮಾಯುತ್ತದೆ, ಕೆಲವರಿಗೆ ಮಾತ್ರ ಅದೇ ಹುಣ್ಣಿನಿಂದ ರಕ್ತ ಬರುತ್ತದೆ. ಲಿವರ್ ತುಂಬಾ ಹಾಳಾಗಿದ್ದಷ್ಟೂ ಈ ಅಪಾಯ ಜಾಸ್ತಿ. ಹೆಚ್ಚಾಗಿ ಇದು ಆಗುವುದು ಮೊದಲ ಎರಡು ವಾರದಲ್ಲಿ. ನಿಮ್ಮ ಒಂಬತ್ತನೇ ದಿನ ಅದಕ್ಕೆ ಸರಿಯಾಗಿ ಹೊಂದುತ್ತದೆ. ಹೊಸ ರಕ್ತನಾಳವೇ ಒಡೆದಿರಲೂಬಹುದು, ಅದನ್ನು ಎರಡನೇ ಎಂಡೋಸ್ಕೋಪಿಯಲ್ಲೇ ನೋಡಿ ಹೇಳಬೇಕು. ಬ್ಯಾಂಡ್ ಆದ ಮೇಲೆ ಒಂದೆರಡು ದಿನ ಎದೆನೋವು, ನುಂಗಲು ಕಷ್ಟ ಇದ್ದರೆ ಗಾಬರಿ ಬೇಡ. ಗಂಜಿ, ಮೊಸರನ್ನ ಕೊಡಿ, ಚಕ್ಕುಲಿ ನಿಪ್ಪಟ್ಟು ದೂರ ಇಡಿ.

ಇನ್ನು ನ್ಯುಮೋನಿಯಾ. ರಕ್ತ ಕಾರುತ್ತಿರುವವರಿಗೆ ಮಂಪರು ಬರಿಸಿ ಬಾಯೊಳಗೆ ಎಂಡೋಸ್ಕೋಪಿಯ ಕೊಳವೆ ಇಳಿಸುವಾಗ ಆ ರಕ್ತ ಶ್ವಾಸಕೋಶಕ್ಕೆ ಇಳಿಯುವ ಭಯ ಇದ್ದೇ ಇರುತ್ತದೆ. ಹಾಗಂತ ಎಲ್ಲರಿಗೂ ಮೊದಲೇ ಉಸಿರಾಟದ ಟ್ಯೂಬ್ ಹಾಕಿಬಿಡೋಣ ಅಂದರೆ, ಅದರಿಂದಲೂ ನ್ಯುಮೋನಿಯಾ ಬರುತ್ತದೆ! ಅದಕ್ಕೇ ಎಚ್ಚರ ತಪ್ಪಿದವರಿಗೆ, ಧಾರಾಕಾರ ರಕ್ತ ಕಾರುವವರಿಗೆ ಮಾತ್ರ ಹಾಕುವುದು.

ಏನೇನೋ ಮಾತಾಡಿದ್ದು ಹೊಟ್ಟೆಗಿಳಿದ ರಕ್ತದ ಕೆಲಸ ಇರಬಹುದು. ಆ ರಕ್ತ ಕರುಳಿನಲ್ಲಿ ಜೀರ್ಣವಾಗಿ ಅಮೋನಿಯಾ ಆಗುತ್ತದೆ. ಒಳ್ಳೆಯ ಲಿವರ್ ಅದನ್ನು ತೆಗೆದುಹಾಕುತ್ತದೆ. ಹಾಳಾದ ಲಿವರ್‌ಗೆ ಆಗುವುದಿಲ್ಲ, ಅದು ತಲೆಗೇರುತ್ತದೆ. ಸಿಹಿ ಸಿರಪ್ ಕೊಟ್ಟು ಪದೇ ಪದೇ ಭೇದಿ ಮಾಡಿಸಿದ್ದು ಇದಕ್ಕೇ, ನರ್ಸ್ ಮೇಲೆ ಸಿಟ್ಟಾಗಬೇಡಿ. ಕುಡಿತ ದಿಢೀರ್ ನಿಂತಾಗಲೂ ಹೀಗೆ ಬಡಬಡಿಸುತ್ತಾರೆ, ಕೈ ನಡುಗುತ್ತದೆ. ಆದ್ದರಿಂದ ಕೊನೆಯ ಸಲ ಯಾವಾಗ ಕುಡಿದರು ಅನ್ನುವುದನ್ನು ಮುಚ್ಚಿಡದೆ ಹೇಳಿ. ಮರ್ಯಾದೆಗೆ ಅಂಜಿ ಸುಳ್ಳು ಹೇಳುವ ಮನೆಯವರನ್ನು ದಿನವೂ ನೋಡುತ್ತೇನೆ.

ಹೃದಯದ ತೊಂದರೆ ಇದ್ದರೆ ಅದನ್ನೂ ಹೇಳಿ. ರಕ್ತ ನಿಲ್ಲಿಸಲು ಕೊಡುವ ಟರ್ಲಿಪ್ರೆಸಿನ್ ಹೊಟ್ಟೆಯ ರಕ್ತನಾಳಗಳನ್ನು ಬಿಗಿಯುವಂತೆ ಬೇರೆ ಕಡೆಯೂ ಬಿಗಿಯುತ್ತದೆ. ಬೆರಳು ನೀಲಿಯಾಗಬಹುದು, ಎದೆನೋವು ಬರಬಹುದು, ಕೆಲವರಿಗೆ ಉಸಿರಾಟದ ತೊಂದರೆ, ಸೋಡಿಯಂ ಇಳಿಯುವುದು ಎಲ್ಲ ಇದೆ. ಬ್ಯಾಂಡ್‌ನಿಂದಲೂ ನಿಲ್ಲದಿದ್ದರೆ ಅನ್ನನಾಳದಲ್ಲಿ ಬಲೂನ್ ಉಬ್ಬಿಸಿ ಒತ್ತಿ ಹಿಡಿಯುತ್ತಾರೆ. ಅದನ್ನು 24 ಗಂಟೆಗಿಂತ ಜಾಸ್ತಿ ಇಡುವ ಹಾಗಿಲ್ಲ, ಅನ್ನನಾಳವೇ ಹರಿಯಬಹುದು.

ಈಗ ಮಾಡಬೇಕಾದ್ದು: ಹೇಳಿದ ದಿನಕ್ಕೆ ಮುಂದಿನ ಬ್ಯಾಂಡಿಂಗ್‌ಗೆ ಹೋಗಿ. ಆ ರಕ್ತನಾಳಗಳ ಒತ್ತಡ ಇಳಿಸುವ ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆ ಬರೆದಿದ್ದರೆ ನೀವಾಗಿ ನಿಲ್ಲಿಸಬೇಡಿ. ಮತ್ತೆ ರಕ್ತ ಕಂಡರೆ ಊರಿನ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸುತ್ತಾ ಕೂರದೆ ಎಂಡೋಸ್ಕೋಪಿ ಇರುವ ಕಡೆಗೇ ಹೊರಡಿ.

ಪ್ರಶ್ನೆ: ನಮ್ಮ ಭಾವನಿಗೆ ಅಲ್ಸರ್‌ನಿಂದ ರಕ್ತ ಹೋಗಿ ಹೀಮೋಗ್ಲೋಬಿನ್ 7.6 ಆಗಿತ್ತು. ರಕ್ತ ಕೊಡಲು ನಾವು ಮೂರು ಜನ ಬಂದು ನಿಂತಿದ್ದೆವು. ಬೇಡ ಅಂದರು. ರಕ್ತ ನಿಲ್ಲುವ ಟ್ರಾನೆಕ್ಸಾಮಿಕ್ ಇಂಜೆಕ್ಷನ್ ಕೂಡ ಕೊಡಲಿಲ್ಲ. ಇದು ನಿರ್ಲಕ್ಷ್ಯ ಅಲ್ವಾ? – ಹುಬ್ಬಳ್ಳಿಯ ಓದುಗರು

ಉತ್ತರ: ಅಲ್ಲ. ಎರಡೂ ಸರಿಯಾದ ನಿರ್ಧಾರ.

ಬಾರ್ಸಿಲೋನಾದ ವೈದ್ಯರು ಹೀಗೆ ರಕ್ತಸ್ರಾವವಾದ 921 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಹೀಮೋಗ್ಲೋಬಿನ್ 7ಕ್ಕಿಂತ ಇಳಿದರೆ ಮಾತ್ರ ರಕ್ತ, ಇನ್ನೊಂದಕ್ಕೆ 9ಕ್ಕಿಂತ ಇಳಿದ ಕೂಡಲೇ. 2013ರಲ್ಲಿ ಬಂದ ಫಲಿತಾಂಶ ನೋಡಿ: ಆರು ವಾರದ ಹೊತ್ತಿಗೆ ಕಡಿಮೆ ರಕ್ತ ಪಡೆದವರಲ್ಲಿ ಶೇ. 95 ಜನ ಬದುಕಿದ್ದರು, ಜಾಸ್ತಿ ಪಡೆದವರಲ್ಲಿ ಶೇ. 91. ಮತ್ತೆ ರಕ್ತಸ್ರಾವ ಆಗಿದ್ದೂ ಜಾಸ್ತಿ ಪಡೆದವರಲ್ಲೇ. ರಕ್ತ ತುಂಬಿದಂತೆಲ್ಲ ಒಳಗಿನ ಒತ್ತಡ ಏರುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುವುದೂ ಉಂಟು. ಆದರೆ ರಕ್ತ ಸುರಿಯುತ್ತಲೇ ಇದ್ದರೆ, ಬಿ.ಪಿ. ಬಿದ್ದಿದ್ದರೆ ಲೆಕ್ಕ ಬೇರೆ, ಆಗ ಸಂಖ್ಯೆ ನೋಡುತ್ತಾ ಕೂರುವುದಿಲ್ಲ, ಯಾಕೆಂದರೆ ಮೊದಲ ಕೆಲವು ಗಂಟೆ ಹೀಮೋಗ್ಲೋಬಿನ್ ಇಳಿದಂತೆ ತೋರಿಸುವುದೇ ಇಲ್ಲ. ಹೃದಯದ ಕಾಯಿಲೆ ಇರುವವರಿಗೆ 8ರ ಹತ್ತಿರವೇ ಕೊಡುತ್ತೇವೆ.

ಟ್ರಾನೆಕ್ಸಾಮಿಕ್ ಕಥೆ ನಮಗೂ ನಿರಾಸೆ ತಂದದ್ದೇ. 2020ರಲ್ಲಿ ಹಾಲ್ಟ್-ಐಟಿ ಅನ್ನುವ ಪ್ರಯೋಗದ ಫಲಿತಾಂಶ ಬಂತು. 15 ದೇಶಗಳ 12,009 ರೋಗಿಗಳು. ಸಾವು ಕಡಿಮೆಯಾಗಲಿಲ್ಲ. ಕಾಲು, ಶ್ವಾಸಕೋಶದ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವುದು ಮತ್ತು ಫಿಟ್ಸ್ ಮಾತ್ರ ಜಾಸ್ತಿಯಾದವು.

ಪ್ರಶ್ನೆ: ಅಮ್ಮನಿಗೆ ಸ್ಟೆಂಟ್ ಹಾಕಿದೆ, ಆಸ್ಪಿರಿನ್ ನಡೆಯುತ್ತಿತ್ತು. ಮಂಡಿನೋವಿಗೆ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್ ತಂದು ತಿನ್ನುತ್ತಿದ್ದರು. ಅಲ್ಸರ್ ಆಗಿ ರಕ್ತ ಬಂತು, ಕ್ಲಿಪ್ ಹಾಕಿದ್ದಾರೆ. ಮೂರನೇ ದಿನವೇ ಮತ್ತೆ ಆಸ್ಪಿರಿನ್ ಶುರು ಮಾಡಿದ್ದಾರೆ! ನಿಲ್ಲಿಸಲಾ? – ಮೈಸೂರಿನ ಓದುಗರು

ಉತ್ತರ: ನಿಲ್ಲಿಸಬೇಡಿ. ನಿಲ್ಲಿಸಬೇಕಾದ್ದು ಆ ನೋವಿನ ಮಾತ್ರೆ. ಮಂಡಿನೋವಿಗೆ ಏನು ತಗೊಳ್ಳಬಹುದು ಅಂತ ಅವರ ಡಾಕ್ಟರನ್ನೇ ಕೇಳಿ.

ಹಾಂಗ್‌ಕಾಂಗ್‌ನಲ್ಲಿ ಇದನ್ನೇ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಆಸ್ಪಿರಿನ್ ಮುಂದುವರಿಸಿದವರಲ್ಲಿ ಮತ್ತೆ ರಕ್ತ ಬಂದದ್ದು ಸ್ವಲ್ಪ ಜಾಸ್ತಿ ಇತ್ತು, ನಿಜ. ಆದರೆ ಎಂಟು ವಾರದಲ್ಲಿ ತೀರಿಕೊಂಡವರು ಶೇ. 1.3. ನಿಲ್ಲಿಸಿದವರಲ್ಲಿ ಶೇ. 12.9. ರಕ್ತಸ್ರಾವವನ್ನು ಎಂಡೋಸ್ಕೋಪಿಯಿಂದ ಇನ್ನೊಮ್ಮೆ ನಿಲ್ಲಿಸಬಹುದು, ಸ್ಟೆಂಟ್ ಮುಚ್ಚಿಕೊಂಡರೆ ಅಷ್ಟು ಸಮಯ ಸಿಗುವುದಿಲ್ಲ. ಅಲ್ಸರ್ ಮತ್ತೆ ಸ್ರವಿಸುವುದು ಹೆಚ್ಚಾಗಿ ಮೊದಲ ಮೂರು ದಿನದಲ್ಲಿ. ಆಸಿಡ್ ಕಡಿಮೆ ಮಾಡುವ ಔಷಧವನ್ನು ಅಷ್ಟು ದಿನ ಡ್ರಿಪ್‌ನಲ್ಲಿ ಕೊಟ್ಟದ್ದು ಅದಕ್ಕೇ. ಆಸ್ಪಿರಿನ್ ಇರುವಷ್ಟು ಕಾಲ ಈ ಆಸಿಡ್ ಔಷಧದ ಮಾತ್ರೆಯೂ ಇರಲಿ. ರಕ್ತ ನಿಲ್ಲಿಸಲು ಹಾಕಿದ ಆ ಲೋಹದ ಕ್ಲಿಪ್ ತಾನಾಗಿ ಉದುರಿ ಹೋಗುತ್ತದೆ, ಅಷ್ಟರೊಳಗೆ ಎಂ.ಆರ್.ಐ. ಮಾಡಿಸಬೇಕಾಗಿ ಬಂದರೆ ಮೊದಲೇ ತಿಳಿಸಿ.

ಇನ್ನೊಂದು ಮಾತು. ಅಲ್ಸರ್ ತರುವ ಬ್ಯಾಕ್ಟೀರಿಯಾ ಹೆಚ್. ಪೈಲೋರಿಯ ಪರೀಕ್ಷೆ ನೆಗೆಟಿವ್ ಬಂದಿದೆ ಅಂತ ರಿಪೋರ್ಟ್ ಕಳಿಸಿದ್ದೀರಿ. ರಕ್ತ ಬರುತ್ತಿರುವಾಗ ಮಾಡಿದ ಪರೀಕ್ಷೆಯಲ್ಲಿ ಆ ಬ್ಯಾಕ್ಟೀರಿಯಾ ಇದ್ದರೂ ಸಿಗದೆ ಹೋಗಬಹುದು. ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ.

ಪ್ರಶ್ನೆ: ಚಿಕಿತ್ಸೆ ಮುಗಿದು ತಿಂಗಳಾದರೂ ಮಲ ಕಪ್ಪಗೇ ಇದೆ. ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದೇನೆ. ಭಯ. – ಓದುಗರು, ಮಂಗಳೂರು

ಉತ್ತರ: ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪು ಅಥವಾ ಕಡುಹಸಿರಾಗುತ್ತದೆ, ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ರಕ್ತದ್ದು ಡಾಂಬರಿನ ಹಾಗೆ ಅಂಟಂಟು, ಹೊಳಪು, ವಿಪರೀತ ವಾಸನೆ. ಅನುಮಾನ ಬಂದರೆ ಹೀಮೋಗ್ಲೋಬಿನ್ ಮಾಡಿಸಿ ಹಳೆಯದರ ಜೊತೆ ಹೋಲಿಸಿ, ಏರುತ್ತಿದ್ದರೆ ಮಾತ್ರೆ ಮುಂದುವರಿಸಿ. ತಲೆಸುತ್ತು, ಎದೆ ಡವಡವ ಜೊತೆಗಿದ್ದರೆ ಲ್ಯಾಬ್‌ಗಲ್ಲ, ನೇರ ಆಸ್ಪತ್ರೆಗೆ ಹೋಗಿ.