ಸಂಸ್ಕರಣೆ ಅಂದರೆ ಸಾಕಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಾಲೇಜಿನಲ್ಲಿ ಕೊಟ್ಟ ಕೆಲಸಕ್ಕಾಗಿ ಮಂಡಕ್ಕಿ ಭಟ್ಟಿ ನೋಡಿ ಬಂದು ವರದಿ ಬರೆಯುತ್ತಿದ್ದೇನೆ. ನೆನೆಸ್ತೀವಿ, ಕಾಯಿಸ್ತೀವಿ, ಉಪ್ಪು ಹಿಡಿಸ್ತೀವಿ, ಹುರೀತೀವಿ ಅಂತ ಭಟ್ಟಿಯವರು ಹೇಳಿದರು. ಹಾಗೇ ಬರೆದೆ. ಇದು ಅಡುಗೆಮನೆ ಭಾಷೆ, ಎಲ್ಲ ಕಡೆ 'ಸಂಸ್ಕರಣೆ' ಅಂತ ಹಾಕು ಅಂದರು ನಮ್ಮ ಮೇಷ್ಟ್ರು. ಯಾವುದು ಸರಿ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಭಟ್ಟಿಯವರು ಹೇಳಿದ್ದನ್ನೇ ಉಳಿಸಿಕೊಳ್ಳಮ್ಮ. 'ಭತ್ತವನ್ನು ಸಂಸ್ಕರಿಸಿ ಮಂಡಕ್ಕಿ ಮಾಡುತ್ತಾರೆ' ಅಂತ ಬರೆದರೆ ಓದಿದವರಿಗೆ ಏನು ಗೊತ್ತಾಗುತ್ತದೆ? ಏನೋ ಮಾಡಿದರು ಅನ್ನುವುದಷ್ಟೇ. ಅದೇ ಭಟ್ಟಿಯವರ ಮಾತು ಹಿಡಿದು ಹೋದರೆ ಇಡೀ ಕೆಲಸವೇ ಕಣ್ಣಿಗೆ ಕಾಣುತ್ತದೆ. ಭತ್ತವನ್ನು ನೆನೆಸಿದರೆ ನೀರು ಕಾಳಿನ ಒಳಗೆ ಹೋಗುತ್ತದೆ. ಕಾಯಿಸಿದಾಗ ಆ ನೀರಿನಲ್ಲೇ ಒಳಗಿನ ಹಿಟ್ಟು ಬೆಂದು ಅಂಟಾಗುತ್ತದೆ. ಒಣಗಿಸಿ ಹೊಟ್ಟು ತೆಗೆಸುವ ಹೊತ್ತಿಗೆ ಅಕ್ಕಿ ಗಟ್ಟಿಯಾಗಿರುತ್ತದೆ. ಆಮೇಲೆ ಉಪ್ಪುನೀರು ಹಿಡಿಸಿ ಕಾದ ಮರಳಿಗೆ ಹಾಕಿ ಹುರಿದರೆ, ಮರಳು ಕಾಳಿನ ಸುತ್ತ ಎಲ್ಲ ಕಡೆಯಿಂದ ಒಟ್ಟಿಗೆ ಶಾಖ ಕೊಡುವುದರಿಂದ, ಒಳಗೆ ಉಳಿದಿದ್ದ ಚೂರು ತೇವ ಒಂದೇ ಸಲಕ್ಕೆ ಆವಿಯಾಗಿ ಕಾಳು ಉಬ್ಬುತ್ತದೆ. ಮೊದಲೇ ಬೆಂದಿರದ ಅಕ್ಕಿಯನ್ನು ಹಾಗೇ ಹುರಿದು ನೋಡಿ, ಅಷ್ಟು ಚೆನ್ನಾಗಿ ಉಬ್ಬುವುದಿಲ್ಲ. ಅಂದರೆ ಕಾಯಿಸುವುದೇ ಬೇರೆ, ಹುರಿಯುವುದೇ ಬೇರೆ, ಒಂದಿಲ್ಲದೆ ಇನ್ನೊಂದಕ್ಕೆ ಬೆಲೆಯಿಲ್ಲ. ಎರಡನ್ನೂ ಸಂಸ್ಕರಣೆ ಅಂದುಬಿಟ್ಟರೆ ಮಂಡಕ್ಕಿಯ ಗುಟ್ಟೇ ಮುಚ್ಚಿಹೋಗುತ್ತದೆ.

ಹಾಗಂತ ಸಂಸ್ಕರಣೆ ಬೇಡದ ಪದ ಅಲ್ಲ. ದಾವಣಗೆರೆಯ ಭಟ್ಟಿ, ಚಳ್ಳಕೆರೆಯ ಎಣ್ಣೆ ಮಿಲ್ಲು, ರೈಸ್ ಮಿಲ್ಲು ಎಲ್ಲವನ್ನೂ ಒಂದೇ ಹೆಸರಿನ ಕೆಳಗೆ ತರಬೇಕಾದಾಗ ಅದು ಬೇಕು. ವರದಿಯ ತಲೆಬರಹದಲ್ಲಿ ಹಾಕಿ, ಮೇಷ್ಟ್ರಿಗೂ ಸಮಾಧಾನ ಆಗುತ್ತದೆ. ಒಳಗೆ ಮಾತ್ರ ಭಟ್ಟಿಯ ಭಾಷೆಯೇ ಇರಲಿ. ವರ್ಷಗಟ್ಟಲೆ ಬೆಂಕಿ ಮುಂದೆ ನಿಂತವರ ಮಾತದು. ಅದನ್ನು ಅಡುಗೆಮನೆ ಭಾಷೆ ಅಂತ ತಳ್ಳಿಹಾಕುವುದು ನನಗಂತೂ ಒಪ್ಪಿಗೆಯಿಲ್ಲ.

ಪ್ರಶ್ನೆ: ಭೂಮಿ ಹದ ಮಾಡ್ತೀವಿ. ಚರ್ಮನೂ ಹದ ಮಾಡ್ತಾರೆ. ಬೆಲ್ಲದ ಪಾಕ ಹದಕ್ಕೆ ಬಂತು ಅಂತೀವಿ. ಇಷ್ಟೊಂದು ಬೇರೆ ಬೇರೆ ಕೆಲಸಕ್ಕೆ ಒಂದೇ ಪದ ಹೇಗೆ ಸಾಲುತ್ತೆ?
– ರೈತರು, ಹಿರಿಯೂರು

ಉತ್ತರ: ಒಳ್ಳೆಯ ಪ್ರಶ್ನೆ ಯಜಮಾನರೇ. ಹದ ಅನ್ನುವುದು ಕೆಲಸದ ಹೆಸರಲ್ಲ, ಕೆಲಸ ಮಾಡಿ ಮುಟ್ಟಬೇಕಾದ ಜಾಗದ ಹೆಸರು. ಅಲ್ಲಿಗೆ ಹೋಗುವ ದಾರಿ ಮಾತ್ರ ಒಂದೊಂದಕ್ಕೂ ಬೇರೆ.

ನಿಮ್ಮ ಕಡೆಯ ಎರೆಭೂಮಿಯನ್ನೇ ತೆಗೆದುಕೊಳ್ಳಿ. ಮಳೆ ಬಿದ್ದ ಮಾರನೇ ದಿನ ನೇಗಿಲು ಇಳಿಸಿದರೆ ಮಣ್ಣು ಮೆತ್ತಿಕೊಳ್ಳುತ್ತದೆ. ಜಾಸ್ತಿ ದಿನ ಬಿಟ್ಟರೆ ಹೆಂಟೆ ಏಳುತ್ತದೆ. ನಡುವೆ ಸಿಗುವುದೇ ಹದ, ಅದನ್ನು ಕಾಯಬೇಕು, ತಪ್ಪಿದರೆ ಮತ್ತೆ ಮಳೆಯೇ ಬರಬೇಕು. ಹಸಿ ಚರ್ಮದ್ದೂ ಇದೇ ಕಷ್ಟ, ಒದ್ದೆ ಇದ್ದರೆ ಕೊಳೆಯುತ್ತದೆ, ಒಣಗಿದರೆ ಸೆಟೆದು ಮುರಿಯುತ್ತದೆ. ಅದಕ್ಕೇ ಸುಣ್ಣದ ನೀರಲ್ಲಿ ಹಾಕಿ ಕೂದಲು ಬಿಡಿಸುತ್ತಾರೆ, ತೊಳೆದು, ತಂಗಡಿ ಗಿಡದ ತೊಗಟೆ ಹಾಕಿದ ನೀರಲ್ಲಿ ನೆನೆಸಿಡುತ್ತಾರೆ. ತೊಗಟೆಯ ಒಗರು ಚರ್ಮದ ಎಳೆಗಳನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಅದು ಬೇಗ ಕೊಳೆಯುವುದಿಲ್ಲ. ಹಳದಿ ಹೂ ಬಿಟ್ಟುಕೊಂಡು ನಮ್ಮ ಬಯಲುಸೀಮೆಯಲ್ಲಿ ದಾರಿ ಬದಿಗೆ ಬೆಳೆಯುತ್ತದಲ್ಲ, ಅದೇ ತಂಗಡಿ.

ಇನ್ನು ಉಕ್ಕು. ಹದಗೊಳಿಸುವುದು ಅಂತ ಅದಕ್ಕೂ ಹೇಳುತ್ತಾರೆ, ನನಗೆ ತುಂಬಾ ಇಷ್ಟವಾದ ಉದಾಹರಣೆ ಇದು. ಉಳಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ, ಆದರೆ ಪೆಡಸು. ಏಟು ಬಿದ್ದರೆ ಚಕ್ಕೆ ಹಾರುತ್ತದೆ. ಅದಕ್ಕೆ ಇನ್ನೊಂದು ಸಲ ನಿಧಾನಕ್ಕೆ ಕಾಯಿಸಬೇಕು. ಉಜ್ಜಿ ಹೊಳಪು ಮಾಡಿದ ಜಾಗದಲ್ಲಿ ಬಣ್ಣ ಏರುತ್ತಾ ಬರುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಹಳದಿಗೆ ನಿಲ್ಲಿಸಿದರೆ ಮೊನೆ ಗಟ್ಟಿಯಾಗಿ ಉಳಿಯುತ್ತದೆ, ನೀಲಿಗೆ ಹೋದರೆ ಗಟ್ಟಿತನ ಸ್ವಲ್ಪ ಇಳಿದು ಬಾಗುವ ಗುಣ ಬರುತ್ತದೆ, ಸ್ಪ್ರಿಂಗಿಗೆ ಅದು ಬೇಕು. ಥರ್ಮಾಮೀಟರ್ ಇಲ್ಲದ ಕುಲುಮೆಯಲ್ಲಿ ಕಣ್ಣೇ ಅಳತೆ. ಒಂದೇ ಉಕ್ಕಿಗೆ ಎರಡು ಹದ ನೋಡಿ, ಯಾವುದಕ್ಕೆ ಬೇಕು ಅನ್ನುವುದರ ಮೇಲೆ.

ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಪದದೊಳಗೇ ಇದೆ. ಸಂಸ್ಕರಣೆ ಅನ್ನುವ ಪದದಲ್ಲಿ ಅದು ಇಲ್ಲ. ರಸ್ತೆ ಹದಗೆಟ್ಟಿದೆ, ಆರೋಗ್ಯ ಹದಗೆಟ್ಟಿದೆ ಅಂತ ದಿನಾ ಪೇಪರಲ್ಲಿ ಓದುತ್ತೇವೆ ಅಲ್ವಾ, ಅಲ್ಲಿರುವುದೂ ಇದೇ ಹದ.

ಪ್ರಶ್ನೆ: ಅಡಿಕೆಗೆ ಚೊಗರು ಹಾಕಿದರೆ 'ಬಣ್ಣ ಹಾಕಿದ ಮಾಲು' ಅಂತ ಹೊರಗಿನವರು ಅಂತಾರೆ. ಬೇಜಾರಾಗುತ್ತೆ. ಇದು ಕಲಬೆರಕೆನಾ?
– ಬೆಳೆಗಾರರು, ಚನ್ನಗಿರಿ

ಉತ್ತರ: ಅಲ್ಲ. ಸುಲಿದ ಹಸಿ ಅಡಿಕೆಯನ್ನು ಬೇಯಿಸಿದಾಗ ಅದರಿಂದಲೇ ಬಿಟ್ಟ ರಸ ಗಟ್ಟಿಯಾಗಿ ಆದದ್ದು ಚೊಗರು. ಅಡಿಕೆಯದ್ದು ಅಡಿಕೆಗೇ ವಾಪಸ್ ಹೋಗುತ್ತದೆ, ಅದರಿಂದ ಕೆಂಪು ಬಣ್ಣ, ಹೊಳಪು ಬರುತ್ತದೆ. ಮೇಲೆ ಹೇಳಿದ ತಂಗಡಿ ತೊಗಟೆಯಲ್ಲೂ ಚೊಗರಲ್ಲೂ ಇರುವ ಒಗರು ಒಂದೇ ಜಾತಿಯದು, ಟ್ಯಾನಿನ್ ಅಂತಾರೆ. ಕೆಟ್ಟ ಮಾಲು ಮುಚ್ಚಲು ಅಂಗಡಿಯಿಂದ ಬಣ್ಣದ ಪುಡಿ ತಂದು ಕಲಸಿದರೆ ಮಾತ್ರ ಅದು ಕಲಬೆರಕೆ. ಎರಡಕ್ಕೂ 'ಬಣ್ಣ ಹಾಕುವುದು' ಅನ್ನಬೇಡಿ, ನಿಮ್ಮ ಮಾತನ್ನೇ ಬಳಸಿ, ಚೊಗರು ಅನ್ನಿ.

ಆದರೆ ಒಂದು ಮಾತು ಹೇಳಲೇಬೇಕು. ಬೇಯಿಸಿ ಒಣಗಿಸಿದ್ದು ಅಂದರೆ ಅಪಾಯ ಇಲ್ಲ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತು ಅಂತ ಹೇಳಿದೆ, ತಂಬಾಕು ಇಲ್ಲದಿದ್ದರೂ. ಬೆಳೆ ನಂಬಿಕೊಂಡವರಿಗೆ ಇದು ಕಹಿ ಸುದ್ದಿ, ಗೊತ್ತು. ಮನೆಯ ಮಕ್ಕಳು ಜಗಿಯದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ಬೇಯಿಸಲು ಕೊಟ್ಟ ರೇಷ್ಮೆ ನೂಲು ವಾಪಸ್ ಬರುವಾಗ ಒಂದು ಕಿಲೋಗೆ ಮುಕ್ಕಾಲು ಕಿಲೋ ಆಗಿದೆ. ಮೋಸ ಆಯಿತಾ?
– ಹೊಸದಾಗಿ ಮಗ್ಗ ಹಾಕಿದವರು, ಮೊಳಕಾಲ್ಮೂರು

ಉತ್ತರ: ಇರಲಾರದು. ಹುಳ ಎಳೆ ಬಿಡುವಾಗ ಅದರ ಮೇಲೆ ಗೋಂದೂ ಬಿಡುತ್ತದೆ. ಕಚ್ಚಾ ರೇಷ್ಮೆಯ ತೂಕದಲ್ಲಿ ನೂರಕ್ಕೆ 20ರಿಂದ 25 ಭಾಗ ಈ ಗೋಂದೇ. ಸೋಪು, ಸೋಡಾ ಹಾಕಿದ ಬಿಸಿನೀರಲ್ಲಿ ಬೇಯಿಸಿದಾಗ ಅದು ಕರಗಿ ಹೋಗುತ್ತದೆ, ನೂಲು ಮೆತ್ತಗಾಗಿ ಹೊಳಪು ಬರುತ್ತದೆ, ಬಣ್ಣವೂ ಚೆನ್ನಾಗಿ ಹಿಡಿಯುತ್ತದೆ. ಇದಕ್ಕಿಂತ ತುಂಬಾ ಕಡಿಮೆ ಬಂದರೆ ಕೇಳಿ. ಕೇಳುವ ಮೊದಲು, ಕೊಡುವಾಗಲೂ ತರುವಾಗಲೂ ನೂಲು ಒಂದೇ ರೀತಿ ಒಣಗಿತ್ತಾ ನೋಡಿಕೊಳ್ಳಿ. ರೇಷ್ಮೆ ಗಾಳಿಯ ತೇವ ಹೀರಿಕೊಂಡೇ ತೂಕ ಏರಿಸಿಕೊಳ್ಳುತ್ತದೆ.