ತಟ್ಟೆಕಾಸು ನಂಬಿ ಬೈಕ್ ಕೊಂಡ ಹುಡುಗ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನ ವಯಸ್ಸು 24. ಪೂಜಾವಿಧಿ ಕಲಿಸುವ ಆಗಮ ಪಾಠಶಾಲೆಯಲ್ಲಿ ಪ್ರವರ, ಪ್ರವೀಣ ಹಂತ ಮುಗಿಸಿ ಮುಂದಿನ ವಿದ್ವತ್ ಓದುತ್ತಿದ್ದಾನೆ. ತಂದೆ ಮಲೆನಾಡಿನ ಒಂದು ಮುಜರಾಯಿ ದೇವಸ್ಥಾನದ ಅರ್ಚಕರು. ಮುಂದೆ ಆ ಪೂಜೆ ಇವನದೇ. ರಾತ್ರಿ ನಿದ್ದೆಯಿಲ್ಲ, ಬಾಯಿಪಾಠ ಇದ್ದ ಮಂತ್ರವೂ ತಪ್ಪುತ್ತಿದೆ ಎಂದು ತಾಯಿ ಸಲಹೆಗಾಗಿ ನನ್ನ ಬಳಿ ಕರೆತಂದರು.

ತಾಯಿ ಹೊರಗೆ ಹೋದ ಮೇಲೆ ವಿಷಯ ಬಾಯಿಬಿಟ್ಟ. ಕಾರ್ತಿಕದಲ್ಲಿ ದೀಪೋತ್ಸವ ಜೋರಾಗಿತ್ತು, ತಟ್ಟೆಕಾಸು ಚೆನ್ನಾಗಿ ಬಿತ್ತು. ಆ ಹುರುಪಿನಲ್ಲಿ ಬೈಕ್ ಕೊಂಡ. ತಿಂಗಳಿಗೆ 3,900 ಕಂತು. ಪುಷ್ಯ ಬಂತು. ಮದುವೆಯಿಲ್ಲ, ಮುಂಜಿಯಿಲ್ಲ, ಕಂತಿಗೆ ದುಡ್ಡಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಸಾಲ ಎತ್ತಿದ. ಅದನ್ನು ತೀರಿಸಲು ದೇವಸ್ಥಾನಕ್ಕೆಂದು ಸರ್ಕಾರದಿಂದ ತಂದೆಯ ಖಾತೆಗೆ ಬಂದಿದ್ದ ತಸ್ತೀಕು ಹಣಕ್ಕೆ ಕೈಹಾಕಿದ. ‘ದೇವರ ದೀಪದ ಎಣ್ಣೆ ದುಡ್ಡು ತಿಂದುಬಿಟ್ಟೆ’ ಎಂದು ಅತ್ತ. ಅವನ ನಿದ್ದೆ ಕೆಡಿಸಿದ್ದು ಸಾಲಕ್ಕಿಂತ ಜಾಸ್ತಿ ಇದು.

ತಸ್ತೀಕು ಎಂದರೆ ವರ್ಷಕ್ಕೆ 5 ಲಕ್ಷಕ್ಕಿಂತ ಕಡಿಮೆ ಆದಾಯವಿರುವ ‘ಸಿ’ ವರ್ಗದ ದೇವಸ್ಥಾನಗಳಿಗೆ ಸರ್ಕಾರ ಕೊಡುವ ಹಣ. 2025ರ ಬಜೆಟ್‌ನಲ್ಲಿ ಅದನ್ನು ವರ್ಷಕ್ಕೆ 60,000ದಿಂದ 72,000ಕ್ಕೆ ಏರಿಸಿದರು. ತಿಂಗಳಿಗೆ 6,000 ಆಯಿತು. ಎಣ್ಣೆ, ಹೂವು, ನೈವೇದ್ಯಕ್ಕೂ ಅದೇ, ಅರ್ಚಕರ ಮನೆಗೂ ಅದೇ. ಎಷ್ಟು ದೇವರದು, ಎಷ್ಟು ಮನೆಯದು ಎಂದು ಈ ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಬರೆದಿದ್ದರೆ ಆ ಹುಡುಗ ಕಳ್ಳನೆಂಬ ಭಾವ ಹೊತ್ತು ತಿರುಗಬೇಕಿರಲಿಲ್ಲ, ಅಲ್ವಾ?

ಹಾಗಾಗಿ ಮೊದಲು ಹೇಳಿದ್ದು: ತಂದೆಗೆ ನಿಜ ಹೇಳು. ಎರಡನೆಯದು, ಪೂಜೆಯ ಖರ್ಚಿಗೆ ಬೇರೆ ಖಾತೆ ತೆರೆಯಿರಿ. ಮನೆಗೆ ಸಲ್ಲುವುದಷ್ಟೇ ಮನೆಯ ಖಾತೆಗೆ ಬರಲಿ.

ಬಜೆಟ್ ಬರೆಸಲು ಇಂಗ್ಲಿಷ್ ಕ್ಯಾಲೆಂಡರ್ ಕೊಟ್ಟೆ. ಅವನು ಅದನ್ನು ಪಕ್ಕಕ್ಕಿಟ್ಟು ಬ್ಯಾಗಿನಿಂದ ಪಂಚಾಂಗ ತೆಗೆದ. ಶ್ರಾವಣ, ಕಾರ್ತಿಕ, ಮಾಘದಲ್ಲಿ ಕೈತುಂಬ. ಆಷಾಢ, ಪುಷ್ಯದಲ್ಲಿ ಬರಿಗೈ. ಹಾಗೇ 2026ರ ಪುಟ ತಿರುವಿ, ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಮದುವೆ-ಮುಂಜಿ ನಡೆಯದ ಅಧಿಕ ಮಾಸ ಎಂದು ತೋರಿಸಿದ. ಮದುವೆಯ ಸೀಸನ್ ಮಧ್ಯದಲ್ಲೇ ಒಂದು ತಿಂಗಳು ಖಾಲಿ! ತನ್ನ ಆದಾಯ ಯಾವಾಗ ಬತ್ತುತ್ತದೆ ಎಂದು ವರ್ಷ ಮೊದಲೇ ಗೊತ್ತಿರುವ ಕಸುಬು ಎಷ್ಟಿವೆ? ಸಂಬಳದಾರರಿಗೂ ಈ ಅನುಕೂಲ ಇಲ್ಲ. ಕೈತುಂಬ ಇರುವ ತಿಂಗಳಲ್ಲಿ ಬರಿಗೈ ತಿಂಗಳ ಕಂತನ್ನು ತೆಗೆದಿಟ್ಟುಬಿಡು ಎಂದೆ. ಆ್ಯಪ್ ಸಾಲ ಮೊದಲು ತೀರಲಿ, ಹೊಸ ಸಾಲ ಬೇಡ.

ಮುಪ್ಪಿನ ಮಾತು ಬಂದಾಗ ನಕ್ಕ. ಅರ್ಚಕರಿಗೆ ನಿವೃತ್ತಿ ಎಲ್ಲಿದೆ ಸಾರ್ ಎಂದ. ಅದಕ್ಕೇ ಬೇಕು. ಮಂಡಿ ನೋವು ಬಂದು ಗರ್ಭಗುಡಿಯಲ್ಲಿ ಕೂರಲಾಗದವರನ್ನು ನಾನು ನೋಡಿದ್ದೇನೆ. ಸರ್ಕಾರದ ಅಟಲ್ ಪಿಂಚಣಿ ಯೋಜನೆಗೆ 24ರ ವಯಸ್ಸಿನಲ್ಲಿ ಸೇರಿದರೆ ತಿಂಗಳಿಗೆ 346 ರೂಪಾಯಿ, 60ರ ನಂತರ ತಿಂಗಳಿಗೆ 5,000. 35ರಲ್ಲಿ ಸೇರಿದರೆ ಅದೇ ಪಿಂಚಣಿಗೆ 902 ಕಟ್ಟಬೇಕು. 40 ದಾಟಿದರೆ ಸೇರುವ ಹಾಗೇ ಇಲ್ಲ. ತಂದೆಗೆ ಆ ಬಾಗಿಲು ಮುಚ್ಚಿದೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಅಪಘಾತ ವಿಮೆ ಮಾತ್ರ 70ರವರೆಗೂ ಸಿಗುತ್ತದೆ. ಅದನ್ನು ಇಬ್ಬರೂ ಮಾಡಿಸಿಕೊಳ್ಳಿ ಎಂದೆ.

ಪಾಠಶಾಲೆಯವರಿಗೆ ನನ್ನದೊಂದು ಮಾತಿದೆ. ವರ್ಷಗಟ್ಟಲೆ ಪೂಜೆ, ಹೋಮದ ಪ್ರಯೋಗ ಕಲಿಸುತ್ತೀರಿ, ಒಳ್ಳೆಯದು. ಕೊನೆಯ ವರ್ಷ ವಾರಕ್ಕೊಂದು ಗಂಟೆ ಲೆಕ್ಕವನ್ನೂ ಕಲಿಸಿ. ದುಡ್ಡಿನ ಮಾತೇ ಕೀಳು ಎಂದು ಬೆಳೆದ ಹುಡುಗ ಬಡ್ಡಿ ದರ ಕೇಳುವುದಕ್ಕೂ ನಾಚುತ್ತಾನೆ. ಇವನು ಆ್ಯಪ್‌ನಲ್ಲಿ ಕೇಳಿರಲೇ ಇಲ್ಲ.

ಈಗ ಎರಡು ಖಾತೆ ಆಗಿವೆ. ತಂದೆ ಬೈಯಲಿಲ್ಲವಂತೆ. ಆದರೆ ಹೋಮ, ಗೃಹಪ್ರವೇಶಕ್ಕೆ ಇಷ್ಟು ಎಂದು ದಕ್ಷಿಣೆ ಮೊದಲೇ ಹೇಳೋಣ ಎಂಬ ಮಗನ ಮಾತನ್ನು ಅವರು ಒಪ್ಪುತ್ತಿಲ್ಲ. ಕೊಟ್ಟಷ್ಟು ತೆಗೆದುಕೊಳ್ಳಬೇಕು ಎಂಬುದು ಅವರ ಪಟ್ಟು. ಮುಂದಿನ ಭೇಟಿಗೆ ಅವರನ್ನೂ ಕರೆದಿದ್ದೇನೆ.