ರೇಡಿಯೇಶನ್‌ಗೆ ಹೆದರಿ ದಿನ ದೂಡಬೇಡಿ

ಪತ್ರ: ಅಮ್ಮನಿಗೆ ಗರ್ಭಕಂಠದ ಕ್ಯಾನ್ಸರ್. ಮಂಗಳೂರಿನಲ್ಲಿ ರೇಡಿಯೇಶನ್ ಕೊಡಿಸಿ ಅಂದಿದ್ದಾರೆ. 'ಕರೆಂಟ್ ಕೊಡಿಸಿದ್ರೆ ಮೈ ಸುಟ್ಟು ಹೋಗುತ್ತೆ, ಮತ್ತೆ ಕ್ಯಾನ್ಸರ್ ಬರುತ್ತೆ, ಮನೆ ಮಕ್ಕಳಿಗೂ ತಾಗುತ್ತೆ' ಅಂತ ನೆಂಟರು ಹೆದರಿಸುತ್ತಿದ್ದಾರೆ. ಮೊದಲು ನಾಟಿ ಔಷಧಿ ಮಾಡಿ ನೋಡಬಹುದಾ? – ಓದುಗರೊಬ್ಬರು, ಮೂಡಿಗೆರೆ

ಬೇಡ ತಂಗಿ, ಒಂದು ವಾರವೂ ಕಾಯಬೇಡಿ.

ನೆಂಟರ ಭಯ ಪೂರ್ತಿ ಸುಳ್ಳಲ್ಲ. ಭೇದಿ, ಉರಿಮೂತ್ರ, ಸುಸ್ತು ಇದ್ದದ್ದೇ. ಕೆಲವರಿಗೆ ವರ್ಷಗಳಾದ ಮೇಲೂ ಕರುಳು, ಮೂತ್ರಕೋಶದ ತೊಂದರೆ ಕಾಡುತ್ತದೆ. ರೇಡಿಯೇಶನ್‌ನಿಂದ ಮುಂದೆಂದೋ ಇನ್ನೊಂದು ಕ್ಯಾನ್ಸರ್ ಬರುವ ಸಾಧ್ಯತೆಯೂ ಇದೆ, ಆದರೆ ತೀರಾ ಕಡಿಮೆ. ಈಗ ಅಮ್ಮನ ಮೈಯಲ್ಲಿರುವುದು ಕಾಯುತ್ತಾ ಕೂರುವುದಿಲ್ಲ, ಅಲ್ವಾ?

ಮಕ್ಕಳಿಗೆ ತಾಗುತ್ತದೆ ಅನ್ನುವುದು ಮಾತ್ರ ಶುದ್ಧ ಸುಳ್ಳು. ಮೆಷಿನ್ ನಿಂತ ಕ್ಷಣ ಕಿರಣವೂ ನಿಂತಿತು. ದೇಹದ ಒಳಗಿನಿಂದ ಕಿರಣ ಕೊಡುವಾಗಲೂ ಇರಿಡಿಯಂ ಅನ್ನುವ ಕಿರಣ ಸೂಸುವ ಲೋಹದ ಕಾಳು ಕೆಲವು ನಿಮಿಷ ಒಳಗಿದ್ದು ಮೆಷಿನ್‌ಗೇ ವಾಪಸ್ ಹೋಗುತ್ತದೆ. ಮೊಮ್ಮಕ್ಕಳನ್ನು ಅಮ್ಮ ಧಾರಾಳವಾಗಿ ತೊಡೆ ಮೇಲೆ ಕೂರಿಸಿಕೊಳ್ಳಲಿ. ಇದನ್ನೆಲ್ಲ ಡಾಕ್ಟರನ್ನೇ ಕೇಳಬೇಕಿತ್ತು ನೀವು. ಸುಮ್ನೆ ನೆಂಟರ ಮಾತಿಗೆ ಬೆಚ್ಚಿಬಿದ್ದಿದ್ದೀರಿ.

ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ, ರೇಡಿಯಂ 1898ರಲ್ಲಿ. ಆಗ ಕೆಲಸ ಮಾಡಿದವರ ಕೈ ಸುಟ್ಟದ್ದು ನಿಜ. ಇವತ್ತು ಸಿ.ಟಿ. ಸ್ಕ್ಯಾನ್ ನೋಡಿ, ಎಲ್ಲಿಗೆ ಎಷ್ಟು ಅಂತ ಲೆಕ್ಕ ಹಾಕಿಯೇ ಕೊಡುತ್ತಾರೆ. ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಸುಮಾರು 25 ಸಲ ಹೊರಗಿನಿಂದ, ಆಮೇಲೆ ಒಳಗಿನಿಂದ. 1999ರಿಂದೀಚೆಗೆ ಜೊತೆಯಲ್ಲೇ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ ಕೊಡುವ ರೂಢಿ ಬಂತು. ಅದರಿಂದ ಉಳಿಯುವವರು ಜಾಸ್ತಿಯಾದರು. ದಿನಾ ಸ್ವಲ್ಪಸ್ವಲ್ಪ ಕೊಡುವುದು ಯಾಕೆಂದರೆ, ಒಳ್ಳೆಯ ಜೀವಕೋಶ ಅಷ್ಟರಲ್ಲಿ ಸುಧಾರಿಸಿಕೊಳ್ಳುತ್ತದೆ, ಕ್ಯಾನ್ಸರಿನದ್ದಕ್ಕೆ ಅದು ಅಷ್ಟು ಸಲೀಸಲ್ಲ. ಎಲ್ಲ ಸೇರಿ 8 ವಾರದೊಳಗೆ ಮುಗಿಯಬೇಕು. ನಡುವೆ ಬಿಟ್ಟರೆ ಉಳಿದದ್ದು ಮತ್ತೆ ಚಿಗುರುತ್ತದೆ.

ಬೇಲೂರು ಕಡೆಯ ನಮ್ಮ ನೆಂಟರೊಬ್ಬರು ಕಾಫಿ ಕುಯ್ಲು ಶುರುವಾಯ್ತು ಅಂತ ಅರ್ಧಕ್ಕೇ ಊರಿಗೆ ಬಂದರು. ಕಿರಣ ಎಲ್ಲಿ ಬೀಳಬೇಕು ಅಂತ ಸೊಂಟದ ಹತ್ತಿರ ಹಾಕಿದ್ದ ಇಂಕಿನ ಗೆರೆ ಅಳಿಸದ ಹಾಗೆ ಸೀರೆ ಸಡಿಲ ಉಟ್ಟುಕೊಂಡು ಕಣದಲ್ಲಿ ಹಣ್ಣು ಹರವುತ್ತಿದ್ದರು. ಮುಂದಿನ ವಾರ ಹೋಗ್ತೀನಿ ಅನ್ನುತ್ತಿದ್ದರು. ಹೋಗಲೇ ಇಲ್ಲ.

ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಐದು ನಿಮಿಷದ ಚಿಕಿತ್ಸೆಗೆ ದಿನಾ ಚಾರ್ಮಾಡಿ ಇಳಿದು ಹತ್ತಲು ಯಾರಿಂದಾದೀತು? ಮಳೆಗಾಲದಲ್ಲಿ ಘಾಟಿ ಕುಸಿದರೆ ಅದೂ ಇಲ್ಲ. ಆಯುಷ್ಮಾನ್ ಕಾರ್ಡಿನಲ್ಲಿ ಚಿಕಿತ್ಸೆಯ ಖರ್ಚು ಕಳೆದರೂ ರೂಮ್ ಬಾಡಿಗೆ, ಊಟ, ಜೊತೆಗಿದ್ದವರು ಕಳೆದುಕೊಂಡ ಕೂಲಿ ಯಾರು ಕೊಡುತ್ತಾರೆ? ಮೆಷಿನ್ ಉದ್ಘಾಟನೆಗೆ ಸಾಲುಗಟ್ಟಿ ಬರುವವರು ರೋಗಿ ಮಲಗಲು ಒಂದು ಧರ್ಮಶಾಲೆ ಕಟ್ಟಿಸಲಿ, ಮಲೆನಾಡಿನ ಬಡವರು ಅರ್ಧಕ್ಕೇ ಎದ್ದು ಬರುವುದಾದರೂ ನಿಂತೀತು.

ನೀವು ಸೋಮವಾರವೇ ಹೊರಡಿ. ಆಯುಷ್ಮಾನ್ ಕಾರ್ಡ್, ಬಯಾಪ್ಸಿ ರಿಪೋರ್ಟ್ ಮರೆಯಬೇಡಿ. ಉಳಿಯಲು ಕಡಿಮೆ ಖರ್ಚಿನ ಜಾಗ ಎಲ್ಲಿದೆ ಅಂತ ಆಸ್ಪತ್ರೆಯಲ್ಲೇ ಮೊದಲ ದಿನ ವಿಚಾರಿಸಿ.